ನ್ಯೂ ಡೀಲ್ ಪಾಠ: ಮಕ್ಕಳ ತಲೆಗೆ ಹತ್ತುವ ಹಾಗೆ ಹೇಳುವುದು ಹೇಗೆ?

ಕೇಳಿದವರು:
ಬಿ.ಎ. ಮಕ್ಕಳಿಗೆ ಅಮೆರಿಕದ ನ್ಯೂ ಡೀಲ್, ಅಂದರೆ 1930ರ ದಶಕದ ಮಹಾ ಆರ್ಥಿಕ ಕುಸಿತದಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ತಂದ ಯೋಜನೆಗಳ ಬಗ್ಗೆ ಎರಡು ತರಗತಿ ತೆಗೆದುಕೊಳ್ಳಬೇಕಿದೆ. ಗೈಡುಗಳಲ್ಲಿ ಪರಿಹಾರ, ಚೇತರಿಕೆ, ಸುಧಾರಣೆ ಅಂತ ಮೂರು ತಲೆಬರಹ ಇರುತ್ತೆ. ಅದರ ಕೆಳಗೆ ಸಿಸಿಸಿ, ಸಿಡಬ್ಲ್ಯುಎ, ಪಿಡಬ್ಲ್ಯುಎ, ಡಬ್ಲ್ಯುಪಿಎ ಅಂತ ಬರೀ ಅಕ್ಷರಗಳು. ಒಂದಕ್ಕೂ ಇನ್ನೊಂದಕ್ಕೂ ಏನು ವ್ಯತ್ಯಾಸ ಅಂತ ಯಾರಿಗೂ ಗೊತ್ತಾಗಲ್ಲ. ಯಾವ ಎಳೆ ಹಿಡಿದು ಹೇಳಿದರೆ ಚೆನ್ನ? ಮಕ್ಕಳು ಎಲ್ಲೆಲ್ಲಿ ಎಡವುತ್ತಾರೆ? ಪಾಠ ಮಾಡಿದವರು ದಯವಿಟ್ಟು ತಿಳಿಸಿ.

ಉತ್ತರ 1:
ಮೂರು ತಲೆಬರಹ ಬದಿಗಿಡಿ ಸರ್. ವಾಷಿಂಗ್ಟನ್‌ನಿಂದ ಹೊರಟ ಡಾಲರು ಯಾರ್ಯಾರ ಕೈ ದಾಟಿ ಯಾರ ಮನೆ ಸೇರಿತು ಅಂತ ಒಂದೊಂದು ಯೋಜನೆಗೂ ಬೋರ್ಡಿನ ಮೇಲೆ ಗೆರೆ ಎಳೆಯಿರಿ. ವ್ಯತ್ಯಾಸ ಅಲ್ಲೇ ಕಾಣುತ್ತೆ.

ಮೊದಲು ಎಫ್‌ಇಆರ್‌ಎ (ರಾಜ್ಯಗಳ ಮೂಲಕ ತುರ್ತು ಪರಿಹಾರ ಕೊಟ್ಟ ಸಂಸ್ಥೆ), 1933ರ ಮೇ. ಒಟ್ಟು 50 ಕೋಟಿ ಡಾಲರ್. ಅರ್ಧ ಹಣಕ್ಕೆ ಲೆಕ್ಕ ಹೀಗಿತ್ತು: ರಾಜ್ಯ 3 ಡಾಲರ್ ಖರ್ಚು ಮಾಡಿದರೆ ಕೇಂದ್ರದಿಂದ 1 ಡಾಲರ್. ಬೊಕ್ಕಸ ಬರಿದಾದ ರಾಜ್ಯಗಳು ಆ ಮೂರನ್ನು ಎಲ್ಲಿಂದ ತರಬೇಕು? ಅದಕ್ಕೇ ಉಳಿದರ್ಧವನ್ನು ಅಗತ್ಯ ನೋಡಿ ಕೊಡುವ ಅಧಿಕಾರ ಅದರ ಮುಖ್ಯಸ್ಥ ಹ್ಯಾರಿ ಹಾಪ್‌ಕಿನ್ಸ್ ಕೈಯಲ್ಲಿತ್ತು. ಹಣ ಕೇಂದ್ರದ್ದು, ಹಂಚುವುದು ರಾಜ್ಯ ಮತ್ತು ಸ್ಥಳೀಯ ಕಚೇರಿ. ಮನೆಯ ಸ್ಥಿತಿಗತಿ ವಿಚಾರಿಸಿದ ಮೇಲೆಯೇ ನೆರವು.

ಸಿಡಬ್ಲ್ಯುಎ (ತಾತ್ಕಾಲಿಕವಾಗಿ ಕೆಲಸ ಕೊಟ್ಟ ಯೋಜನೆ), 1933ರ ನವೆಂಬರ್. ಚಳಿಗಾಲ ದಾಟಿಸುವುದಕ್ಕೆ ಅಂತಲೇ ಮಾಡಿದ್ದು. ಇಲ್ಲಿ ಕೇಂದ್ರವೇ ನೇರವಾಗಿ ಸಂಬಳ ಕೊಟ್ಟಿತು. ಸುಮಾರು ಅರ್ಧ ಜನ ಪರಿಹಾರದ ಪಟ್ಟಿಯಿಂದ ಬಂದವರು. ಇನ್ನರ್ಧಕ್ಕೆ ಕೆಲಸ ಇಲ್ಲ ಅನ್ನುವುದಷ್ಟೇ ಅರ್ಹತೆ, ಬಡತನದ ವಿಚಾರಣೆ ಇಲ್ಲ. ಜನವರಿ ಹೊತ್ತಿಗೆ 40 ಲಕ್ಷಕ್ಕೂ ಹೆಚ್ಚು ಜನ ಕೆಲಸದಲ್ಲಿದ್ದರು. ಖರ್ಚು ಏರಿತು ಅಂತ 1934ರ ಮಾರ್ಚ್‌ಗೇ ನಿಲ್ಲಿಸಿಬಿಟ್ಟರು.

ಪಿಡಬ್ಲ್ಯುಎ ಮತ್ತು ಡಬ್ಲ್ಯುಪಿಎ ಅದಲುಬದಲಾಗುವುದೇ ಹೆಚ್ಚು. ಪಿಡಬ್ಲ್ಯುಎ ರೂಸ್‌ವೆಲ್ಟ್ ಸರ್ಕಾರದ ಮಂತ್ರಿ ಹೆರಾಲ್ಡ್ ಇಕಿಸ್ ಕೈಯಲ್ಲಿದ್ದದ್ದು. 330 ಕೋಟಿ ಡಾಲರ್, ಅಣೆಕಟ್ಟು, ಸೇತುವೆಯಂಥ ದೊಡ್ಡ ಕಾಮಗಾರಿ, ಕೆಲಸ ಖಾಸಗಿ ಗುತ್ತಿಗೆದಾರರ ಮೂಲಕ. ಇಕಿಸ್ ಒಂದೊಂದು ಕಡತವನ್ನೂ ಜರಡಿ ಹಿಡಿಯುತ್ತಿದ್ದುದರಿಂದ ಹಗರಣ ಕಡಿಮೆ, ವೇಗವೂ ಕಡಿಮೆ. ಹಣದ ದೊಡ್ಡ ಪಾಲು ಸಿಮೆಂಟು, ಉಕ್ಕಿಗೆ ಹೋಗುತ್ತಿತ್ತು. 1935ರಲ್ಲಿ ಬಂದ, ನಿರುದ್ಯೋಗಿಗಳಿಗೆ ಸರ್ಕಾರವೇ ಕೆಲಸ ಕೊಟ್ಟ ಡಬ್ಲ್ಯುಪಿಎ ಹಾಪ್‌ಕಿನ್ಸ್‌ದು. ಅಲ್ಲಿ ಬಹುಪಾಲು ಹಣ ಕೂಲಿಗೇ. ಪ್ರದೇಶ ಮತ್ತು ಕೌಶಲ ನೋಡಿ ತಿಂಗಳಿಗೆ 19ರಿಂದ 94 ಡಾಲರ್. 1943ರಲ್ಲಿ ಮುಚ್ಚುವ ತನಕ ಸುಮಾರು 85 ಲಕ್ಷ ಜನ ಅದರಲ್ಲಿ ದುಡಿದರು.

ಉತ್ತರ 2:
ಮಕ್ಕಳಿಗೆ ಬೇಗ ಹಿಡಿಸುವುದು ಸಿಸಿಸಿ, ಅಂದರೆ ಕಾಡು ಉಳಿಸುವಂಥ ಕೆಲಸಕ್ಕೆ ಯುವಕರ ಶಿಬಿರಗಳು. ಕೆಲಸವಿಲ್ಲದ, ಮದುವೆಯಾಗದ 18ರಿಂದ 25ರ ಹುಡುಗರು. ಸಂಬಳ ತಿಂಗಳಿಗೆ 30 ಡಾಲರ್, ಅದರಲ್ಲಿ ಸಾಮಾನ್ಯವಾಗಿ 25 ಡಾಲರ್ ನೇರ ಮನೆಗೆ, ಹುಡುಗನ ಕೈಗೆ 5. ಊಟ, ಬಟ್ಟೆ, ವಸತಿ ಶಿಬಿರದ್ದೇ. ಆರಿಸುವುದು ಕಾರ್ಮಿಕ ಇಲಾಖೆ, ಶಿಬಿರ ನಡೆಸುವುದು ಸೈನ್ಯ, ಕಾಡಿನ ಕೆಲಸ ಹೇಳಿಕೊಡುವುದು ಅರಣ್ಯ ಇಲಾಖೆಯಂಥವು. ಹೊಸ ಇಲಾಖೆ ಕಟ್ಟುತ್ತ ಕೂರದೆ ಇದ್ದ ಇಲಾಖೆಗಳಿಗೇ ಕೆಲಸ ಹಂಚಿದ್ದರಿಂದ ಮಾರ್ಚ್ ಕೊನೆಗೆ ಕಾಯ್ದೆ ಆಗಿ ಏಪ್ರಿಲ್‌ನಲ್ಲೇ ಮೊದಲ ಶಿಬಿರ ಶುರುವಾಯಿತು. "ಇಷ್ಟು ಬೇಗ ಹೇಗಾಯ್ತು?" ಅಂತ ತರಗತಿಯಲ್ಲಿ ಕೇಳಿ ನೋಡಿ, ಒಳ್ಳೆ ಚರ್ಚೆ ಆಗುತ್ತೆ. ಹುಡುಗಿಯರಿಗೆ ಅಲ್ಲಿ ಜಾಗ ಇರಲಿಲ್ಲ ಅನ್ನುವುದನ್ನೂ ಹೇಳಿ. ಡಬ್ಲ್ಯುಪಿಎಯಲ್ಲೂ ಮನೆಗೊಬ್ಬರಿಗೆ ಮಾತ್ರ ಕೆಲಸ, ಹಾಗಾಗಿ ಗಂಡ ಸೇರಿದರೆ ಹೆಂಡತಿಗೆ ಇಲ್ಲ. ಸೇರಿದ ಹೆಂಗಸರಲ್ಲಿ ಬಹಳ ಮಂದಿಗೆ ಸಿಕ್ಕಿದ್ದು ಹೊಲಿಗೆ ಕೆಲಸ.

ಉತ್ತರ 3:
ಬ್ಯಾಂಕಿನ ಭಾಗದಲ್ಲಿ ದಿನಾಂಕ ತಪ್ಪಿದರೆ ಅರ್ಥವೇ ಕೆಡುತ್ತೆ. 1933ರ ಮಾರ್ಚ್ 4ಕ್ಕೆ ರೂಸ್‌ವೆಲ್ಟ್ ಅಧಿಕಾರಕ್ಕೆ ಬಂದರು. ಜನ ಹೆದರಿ ಹಣ ತೆಗೆಯುತ್ತಿದ್ದರಿಂದ 6ಕ್ಕೆ ಎಲ್ಲ ಬ್ಯಾಂಕಿಗೂ ರಜೆ, 9ಕ್ಕೆ ತುರ್ತು ಕಾಯ್ದೆ, 12ರ ರಾತ್ರಿ ರೇಡಿಯೋ ಭಾಷಣ, 13ರಿಂದ ಗಟ್ಟಿ ಬ್ಯಾಂಕುಗಳು ಹಂತಹಂತವಾಗಿ ತೆರೆದವು. ಜನ ಹಣ ತೆಗೆಯುವ ಬದಲು ವಾಪಸ್ ತಂದು ಕಟ್ಟಿದರು. ಠೇವಣಿಗೆ ವಿಮೆ ಇದ್ದದ್ದರಿಂದ ಹೀಗಾಯಿತು ಅಂತ ಬಹಳ ಮಕ್ಕಳು ಬರೆಯುತ್ತಾರೆ. ತಪ್ಪು. ವಿಮೆ ಜಾರಿಗೆ ಬಂದದ್ದು 1934ರ ಜನವರಿ 1ಕ್ಕೆ, ಮೊದಲು 2,500 ಡಾಲರ್ ತನಕ, ಜುಲೈನಿಂದ 5,000. ರೂಸ್‌ವೆಲ್ಟ್‌ಗೆ ಮೊದಲು ಅದು ಬೇಕೂ ಇರಲಿಲ್ಲ, ಪಟ್ಟು ಹಿಡಿದದ್ದು ಕಾಂಗ್ರೆಸ್ (ಅಮೆರಿಕದ ಸಂಸತ್ತು). ನಮ್ಮಲ್ಲಿ ಠೇವಣಿ ವಿಮೆ ಶುರುವಾದದ್ದು 1962ರಲ್ಲಿ, 2020ರಿಂದ ಮಿತಿ 5 ಲಕ್ಷ ರೂಪಾಯಿ ಅಂತ ಸೇರಿಸಿದರೆ ಮಕ್ಕಳಿಗೆ ಹತ್ತಿರವಾಗುತ್ತೆ.

ಉತ್ತರ 4:
ಗೆರೆ ಎಳೆಯುವ ಉಪಾಯ ಒಳ್ಳೆಯದು ಮೇಷ್ಟ್ರೇ. ಆದರೆ ಗೆರೆ ಎಲ್ಲಿ ತುಂಡಾಯಿತು ಅನ್ನುವುದನ್ನು ಬಿಟ್ಟರೆ ಪಾಠ ಅರ್ಧ. ಕೃಷಿಯ ಎಎಎ ಕಾಯ್ದೆ ನೋಡಿ. ಬೆಲೆ ಏರಿಸಲು ಬೆಳೆ ಕಡಿಮೆ ಮಾಡಿ, ಅದಕ್ಕೆ ಪರಿಹಾರ ತಗೊಳ್ಳಿ ಅಂದರು. 1933ರಲ್ಲಿ ನಿಂತ ಹತ್ತಿಯನ್ನೇ ಸುಮಾರು 1 ಕೋಟಿ ಎಕರೆಯಲ್ಲಿ ಉತ್ತುಹಾಕಿದರು. ದಕ್ಷಿಣದಲ್ಲಿ ಆ ಪರಿಹಾರ ಮುಖ್ಯವಾಗಿ ಹೋದದ್ದು ಜಮೀನ್ದಾರನ ಕೈಗೆ. ಪಾಲಿಗೆ ಉಳುವವರಿಗೆ ಕೊಡಬೇಕಾದ ಭಾಗ ಎಷ್ಟೋ ಕಡೆ ಅವನಲ್ಲೇ ಉಳಿಯಿತು. ಉಳುವ ನೆಲ ಕಡಿಮೆಯಾದ ಮೇಲೆ ಆಳುಗಳೂ ಬೇಡವಾದರು, ಕುಟುಂಬಗಳನ್ನೇ ಎಬ್ಬಿಸಿದರು. 1934ರಲ್ಲಿ ಅರ್ಕನ್ಸಾದಲ್ಲಿ ಕಪ್ಪು, ಬಿಳಿ ಗೇಣಿದಾರರು ಒಟ್ಟಿಗೆ ಸಂಘ ಕಟ್ಟಿದ್ದು ಈ ಸಿಟ್ಟಿನಿಂದಲೇ.

1935ರ ಸಾಮಾಜಿಕ ಭದ್ರತಾ ಕಾಯ್ದೆಯ ಪಿಂಚಣಿಯೂ ಕೃಷಿ ಕೂಲಿಗಳನ್ನು, ಮನೆಗೆಲಸದವರನ್ನು ಹೊರಗಿಟ್ಟಿತು. ದಕ್ಷಿಣದ ಕಪ್ಪು ಜನರಲ್ಲಿ ಬಹುಪಾಲು ಆ ಎರಡು ಕೆಲಸಗಳಲ್ಲೇ ಇದ್ದರು. ಕಾನೂನಿನಲ್ಲಿ ಬಣ್ಣದ ಹೆಸರೇ ಇಲ್ಲದೆ ಹೀಗಾಯಿತು ಅನ್ನುವುದನ್ನು ನಿಧಾನವಾಗಿ ಬಿಡಿಸಿ ಹೇಳಿ. ಇದಕ್ಕೆ ಹತ್ತು ನಿಮಿಷ ಕೊಟ್ಟರೂ ನಷ್ಟವಿಲ್ಲ.

ಕೇಳಿದವರು:
ಎಲ್ಲರಿಗೂ ಧನ್ಯವಾದ. ಒಂದು ಸಂಶಯ. 1936ರ ನಿರುದ್ಯೋಗ ಒಂದು ಪುಸ್ತಕದಲ್ಲಿ 16.9% ಅಂತಿದೆ, ಇನ್ನೊಂದರಲ್ಲಿ 9.9%. ಯಾವುದು ಸರಿ?

ಉತ್ತರ 5:
ಎರಡೂ ಸರಿ ಸರ್, ಎಣಿಸುವ ರೀತಿ ಬೇರೆ. ಅರ್ಥಶಾಸ್ತ್ರಜ್ಞ ಲೆಬರ್‌ಗಾಟ್ ಲೆಕ್ಕದಲ್ಲಿ ಡಬ್ಲ್ಯುಪಿಎ, ಸಿಸಿಸಿಯಂಥ ಕಡೆ ದುಡಿಯುತ್ತಿದ್ದವರೂ ನಿರುದ್ಯೋಗಿಗಳೇ. ಇನ್ನೊಬ್ಬ ಅರ್ಥಶಾಸ್ತ್ರಜ್ಞ ಡಾರ್ಬಿ ಅಂಥವರನ್ನು ಕೆಲಸದಲ್ಲಿದ್ದವರು ಅಂತ ಹಿಡಿದರು. ನ್ಯೂ ಡೀಲ್ ಗೆದ್ದಿತೋ ಸೋತಿತೋ ಅನ್ನುವ ವಾದದಲ್ಲಿ ಒಬ್ಬೊಬ್ಬರು ತಮಗೆ ಬೇಕಾದ ಅಂಕಿ ಎತ್ತಿಕೊಳ್ಳುತ್ತಾರೆ. ಒಂದು ವರ್ಷಕ್ಕೆ ಒಂದು, ಮುಂದಿನ ವರ್ಷಕ್ಕೆ ಇನ್ನೊಂದು ಮಾತ್ರ ಬೆರೆಸಬೇಡಿ. 1933ಕ್ಕೆ 24.9 ಅಂದರೆ ಅದು ಲೆಬರ್‌ಗಾಟ್ ಸಾಲು, 1938ಕ್ಕೂ ಅದೇ ಸಾಲಿನ 19.0 ಕೊಡಿ. ಡಾರ್ಬಿಯಲ್ಲಿ ಇವೇ 20.6 ಮತ್ತು 12.5.

1938ರಲ್ಲಿ ಮತ್ತೆ ಏರಿದ್ದಕ್ಕೂ ಕಾರಣ ಹೇಳಿ. ಚೇತರಿಕೆ ಬಂತು ಅಂದುಕೊಂಡು 1937ರಲ್ಲಿ ಖರ್ಚು ಕಡಿದರು, ಡಬ್ಲ್ಯುಪಿಎ ಪಟ್ಟಿ ಇಳಿಸಿದರು. ಅತ್ತ ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್, ಬ್ಯಾಂಕುಗಳು ಇಡಬೇಕಾದ ಮೀಸಲು ಪ್ರಮಾಣವನ್ನು ದುಪ್ಪಟ್ಟು ಮಾಡಿತ್ತು. ಸಾಮಾಜಿಕ ಭದ್ರತೆಯ ತೆರಿಗೆ, ನೌಕರನಿಂದ 1%, ಮಾಲೀಕನಿಂದ 1%, ಅದೇ 1937ರ ಜನವರಿಯಿಂದ ಶುರು. ತಿಂಗಳ ಪಿಂಚಣಿ ಬಂದದ್ದು ಮಾತ್ರ 1940ಕ್ಕೆ. ಮೂರೂ ಒಟ್ಟಿಗೆ ಸೇರಿ ಹಣ ಜನರ ಕೈಯಿಂದ ಹಿಂದಕ್ಕೆ ಹೋಯಿತು. 1938ರಲ್ಲಿ ಮತ್ತೆ ಖರ್ಚು ಮಾಡಿದರು, ಆ ನವೆಂಬರ್‌ನಲ್ಲಿ ಡಬ್ಲ್ಯುಪಿಎಯಲ್ಲಿ 33 ಲಕ್ಷ ಜನ.

ಉತ್ತರ 6:
ನರೇಗಾಕ್ಕೆ ಹೋಲಿಸಿ ಅಂತ ಮಕ್ಕಳು ಕೇಳಿಯೇ ಕೇಳುತ್ತಾರೆ. ನಮ್ಮ 2005ರ ಕಾಯ್ದೆಯಲ್ಲಿ ಕೆಲಸ ಕೇಳಿದ 15 ದಿನದೊಳಗೆ ಕೊಡಬೇಕು, ಇಲ್ಲದಿದ್ದರೆ ಭತ್ಯೆ ಅಂತ ಹಕ್ಕಾಗಿ ಬರೆದರು. ಡಬ್ಲ್ಯುಪಿಎಯಲ್ಲಿ ಅಂಥ ಹಕ್ಕಿರಲಿಲ್ಲ. ಕಾಂಗ್ರೆಸ್ ಕೊಟ್ಟ ಹಣ ಎಷ್ಟೋ ಅಷ್ಟೇ ಜನಕ್ಕೆ ಕೆಲಸ, ಅರ್ಹರಾಗಿದ್ದೂ ಹೊರಗುಳಿದವರು ಬೇಕಾದಷ್ಟು. ಟಿವಿಎ (ಟೆನ್ನೆಸ್ಸಿ ನದಿ ಕಣಿವೆಯ ಅಣೆಕಟ್ಟು, ವಿದ್ಯುತ್ ನಿಗಮ) ಹೇಳುವಾಗ 1948ರ ನಮ್ಮ ದಾಮೋದರ ಕಣಿವೆ ನಿಗಮಕ್ಕೆ ಅದೇ ಮಾದರಿ ಅಂತ ಒಂದು ವಾಕ್ಯ ಸಾಕು. ಅಮೆರಿಕದ ಸುಪ್ರೀಂ ಕೋರ್ಟಿನ ತೀರ್ಪುಗಳನ್ನು ಎರಡನೇ ತರಗತಿಗೆ ಇಟ್ಟುಕೊಳ್ಳಿ: 1935ರ ಮೇ 27ಕ್ಕೆ ಕೈಗಾರಿಕಾ ಸಂಹಿತೆಗಳು (ಉದ್ಯಮಗಳ ಬೆಲೆ, ಕೂಲಿಯ ನಿಯಮಗಳು) ಬಿದ್ದವು, 1936ರ ಜನವರಿಯಲ್ಲಿ ಎಎಎ. ಕಾರ್ಮಿಕರ ಸಂಘದ ಹಕ್ಕಿನ ವ್ಯಾಗ್ನರ್ ಕಾಯ್ದೆ 1937ರ ಏಪ್ರಿಲ್‌ನಲ್ಲಿ ಉಳಿದುಕೊಂಡಿತು.