ವಸ್ತುಸಂಗ್ರಹಾಲಯದ ಜಾಲತಾಣದಲ್ಲಿ ಪಾಠದ ಸಾಮಗ್ರಿ ಶಿಕ್ಷಕರ ಕೈಗೆ ಸುಲಭವಾಗಿ ಸಿಗಬೇಕಾದರೆ ಏನು ಮಾಡಬೇಕು?

ಪ್ರಶ್ನೆ (ಬಳ್ಳಾರಿ)

ನಮ್ಮ ಭಾಗದ ಪುರಾತತ್ವ ಸಂಗ್ರಹಾಲಯವೊಂದರ ಜಾಲತಾಣವನ್ನು ಹೊಸದಾಗಿ ರೂಪಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ಸಂಗನಕಲ್ಲಿನ ನವಶಿಲಾಯುಗದ ಕೊಡಲಿಗಳು, ಬೂದಿದಿಬ್ಬಗಳು (ಆ ಕಾಲದ ಜನ ದನದ ಸಗಣಿ ಸುಟ್ಟು ಉಳಿದ ಬೂದಿಯ ರಾಶಿಗಳು), ಅಶೋಕನ ಶಾಸನಗಳು ಇವುಗಳ ಕುರಿತು ಶಿಕ್ಷಕರಿಗೆಂದೇ ಬರೆಸಿದ ಟಿಪ್ಪಣಿಗಳೂ ಮಕ್ಕಳ ಚಟುವಟಿಕೆ ಹಾಳೆಗಳೂ ಅಲ್ಲಿ ಈಗಾಗಲೇ ಇವೆ. ಆದರೆ ಅವೆಲ್ಲ ‘ಪ್ರಕಟಣೆಗಳು’ ವಿಭಾಗದಲ್ಲಿ ಟೆಂಡರ್ ಸೂಚನೆ, ವಾರ್ಷಿಕ ವರದಿಗಳ ನಡುವೆ ಹುದುಗಿಹೋಗಿರುವುದರಿಂದ ಯಾರ ಕಣ್ಣಿಗೂ ಬೀಳುತ್ತಿಲ್ಲ. ಮುಖಪುಟದಲ್ಲಿ ‘ಶಿಕ್ಷಣ’ ಎಂಬ ಗುಂಡಿ ಇಟ್ಟರೆ ಸಾಕೇ, ಅಥವಾ ಇಡೀ ಜೋಡಣೆಯನ್ನೇ ಬದಲಿಸಬೇಕೇ?

ಉತ್ತರ (ಪ್ರೌಢಶಾಲಾ ಶಿಕ್ಷಕಿ, ಸಿಂಧನೂರು)

ಜೋಡಣೆಯನ್ನೇ ಬದಲಿಸಿ. ಸಂಗ್ರಹಾಲಯದವರು ಶಿಲ್ಪ, ನಾಣ್ಯ, ಶಾಸನ ಎಂದು ತಮ್ಮ ಕಪಾಟುಗಳ ಕ್ರಮದಲ್ಲಿ ವಿಂಗಡಿಸುತ್ತಾರೆ. ನಾವು ಹುಡುಕುವುದು ನಾಳೆ ಮಾಡಬೇಕಾದ ಪಾಠಕ್ಕೆ ಬೇಕಾದದ್ದನ್ನು. ಮೌರ್ಯರ ಪಾಠಕ್ಕೆ ಬಂದಾಗ, 1915ರಲ್ಲಿ ಪತ್ತೆಯಾದ ಮಸ್ಕಿ ಶಾಸನದ ಸ್ಪಷ್ಟ ಚಿತ್ರ, ಅದರಲ್ಲಿ ಬಿರುದಿನ ಜೊತೆಗೆ ಅಶೋಕನ ಹೆಸರೂ ಬರುವ ‘ದೇವಾನಂಪಿಯಸ ಅಸೋಕಸ’ ಎಂಬ ಭಾಗ, ಅಶೋಕನ ಬೇರೆ ಶಾಸನಗಳು ಸಿಕ್ಕ ಕೊಪ್ಪಳದ ಗವಿಮಠ, ಪಾಲ್ಕಿಗುಂಡು ಮತ್ತು ನಿಮ್ಮ ಕಡೆಯ ನಿಟ್ಟೂರು, ಉದೇಗೊಳಂಗಳನ್ನು ಗುರುತಿಸಿದ ನಕ್ಷೆ, ಇಷ್ಟೂ ಒಂದೇ ಪುಟದಲ್ಲಿ ಸಿಗಬೇಕು. ತರಗತಿ, ಪಾಠ, ಊರು ಇವುಗಳಲ್ಲಿ ಯಾವುದನ್ನು ಒತ್ತಿದರೂ ಆ ಪುಟ ತೆರೆದುಕೊಳ್ಳಲಿ. ಫೈಲಿನ ಗಾತ್ರವನ್ನೂ ಪಕ್ಕದಲ್ಲಿ ನಮೂದಿಸಿ. ಭಾರದ ಫೈಲು ಫೋನಿಗೆ ಇಳಿಯುವಷ್ಟರಲ್ಲಿ ನಮ್ಮ ಪಿರಿಯಡ್ ಮುಗಿದಿರುತ್ತದೆ.

ಉತ್ತರ (ಜಾಲತಾಣ ನಿರ್ವಾಹಕ, ಕೊಪ್ಪಳ)

ಶಿಕ್ಷಕಿಯವರ ಮಾತು ಸರಿ, ಆದರೆ ವಿನ್ಯಾಸಕ್ಕೆ ಕೈಹಾಕುವ ಮೊದಲು ಹಳೆಯ ಟಿಪ್ಪಣಿಗಳ ಒಂದು ಸಾಲನ್ನು ನಕಲಿಸಿ ಬೇರೆಡೆ ಅಂಟಿಸಿ ನೋಡಿ. ಅರ್ಥವಿಲ್ಲದ ಚಿಹ್ನೆಗಳು ಬಂದರೆ ಅವು ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಯೂನಿಕೋಡ್‌ಪೂರ್ವ ಫಾಂಟಿನಲ್ಲಿವೆ ಎಂದರ್ಥ (ಯೂನಿಕೋಡ್ ಎಂದರೆ ಎಲ್ಲ ಭಾಷೆಗಳ ಅಕ್ಷರಗಳಿಗೂ ಪ್ರತ್ಯೇಕ ಸಂಕೇತ ಕೊಡುವ ಏಕರೂಪದ ವ್ಯವಸ್ಥೆ). ತೆರೆಯ ಮೇಲೆ ಕನ್ನಡವಾಗಿ ಕಂಡರೂ ಒಳಗಿರುವುದು ಲ್ಯಾಟಿನ್ ಸಂಕೇತಗಳಾದ್ದರಿಂದ, ‘ಮಸ್ಕಿ’ ಎಂದು ಟೈಪಿಸಿ ಹುಡುಕಿದವರಿಗೆ ಅವು ಸಿಗುವುದಿಲ್ಲ. ಪರಿವರ್ತಕಗಳಿವೆ, ಆದರೂ ಒತ್ತಕ್ಷರ, ಅರ್ಕಾವತ್ತುಗಳನ್ನು ಕಣ್ಣಿಟ್ಟು ತಿದ್ದಲೇಬೇಕು. ಸ್ಕ್ಯಾನ್ ಮಾಡಿದ ಪುಟಗಳ ಪಾಡು ಇನ್ನೂ ಕಷ್ಟ, ಅವು ಬರೀ ಚಿತ್ರಗಳು.

ಪ್ರಶ್ನೆ ಕೇಳಿದವರು

ಅಂಟಿಸಿ ನೋಡಿದೆ, ಚಿಹ್ನೆಗಳೇ ಬಂದವು. ಎಲ್ಲವನ್ನೂ ಒಮ್ಮೆಲೇ ತಿದ್ದಲು ನಮ್ಮಲ್ಲಿ ಜನರಿಲ್ಲ. ಯಾವುದರಿಂದ ಆರಂಭಿಸಲಿ?

ಉತ್ತರ (ಪ್ರೌಢಶಾಲಾ ಶಿಕ್ಷಕಿ, ಸಿಂಧನೂರು)

ಅಶೋಕನ ಶಾಸನಗಳನ್ನೂ ಸಂಗನಕಲ್ಲನ್ನೂ ಮೊದಲು ಮುಗಿಸಿ, ವಾರ್ಷಿಕ ವರದಿಗಳು ಕಾಯಲಿ. ಸಂಗನಕಲ್ಲಿನ ಸಮೀಪದ ಕಪ್ಪಗಲ್ಲಿನ ನಾದ ಹೊಮ್ಮಿಸುವ ಬಂಡೆಗಳ ಧ್ವನಿಮುದ್ರಣ ಇದ್ದರೆ ಅದನ್ನೂ ಸೇರಿಸಿ. ಬಂಡೆಗೆ ಕಲ್ಲು ತಾಗಿದಾಗ ಬರುವ ಆ ಸದ್ದನ್ನು ಯಾವ ಪಠ್ಯಪುಸ್ತಕವೂ ಮಕ್ಕಳಿಗೆ ಕೇಳಿಸಲಾರದು.