ಪದಚರ್ಚೆ: ಮೆಂಟರ್‌ಗೆ 'ಮಾರ್ಗದರ್ಶಿ' ಸಾಕೇ? ಮೆಂಟಿಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಜಾಲತಾಣ ಕಟ್ಟುವ ತಂತ್ರಾಂಶ ವರ್ಡ್‌ಪ್ರೆಸ್‌ನ ಬಳಗದ ಒಂದು ಸುದ್ದಿಯನ್ನು ಗೆಳೆಯರಿಗಾಗಿ ಕನ್ನಡದಲ್ಲಿ ಬರೆಯುತ್ತಾ ಕೂತಿದ್ದೆ. ಹೊಸಬರ ಜೊತೆ ಕೆಲವು ವಾರ ಇದ್ದು ಕೆಲಸ ಕಲಿಸುವ ಮೆಂಟರ್‌ಶಿಪ್ ಯೋಜನೆಯ ಸುದ್ದಿ ಅದು. 2023ರಲ್ಲಿ ಪ್ರಯೋಗವಾಗಿ ಶುರುವಾಯಿತು. ಕೋಡ್ ಬರೆಯುವವರಿಗೆ ಮಾತ್ರವಲ್ಲ, ಅನುವಾದ ಮಾಡುವವರಿಗೂ ಅಲ್ಲಿ ಜಾಗವಿದೆ. ಮೊದಲ ಪ್ಯಾರಾದಲ್ಲೇ ಸಿಕ್ಕಿಬಿದ್ದೆ. ಹೀಗೆ ಕಲಿಸುವ ಮೆಂಟರ್‌ಗೆ, ಕಲಿಯುವ ಮೆಂಟಿಗೆ ಕನ್ನಡದಲ್ಲಿ ಏನು ಬರೆಯಲಿ?

ಥಟ್ಟನೆ ಬಂದದ್ದು 'ಮಾರ್ಗದರ್ಶಿ'. ಪಿಎಚ್‌ಡಿ ಗೈಡ್‌ಗೂ ಅದೇ, ಎಸ್‌ಎಸ್‌ಎಲ್‌ಸಿ ಗಣಿತದ ಪುಸ್ತಕಕ್ಕೂ ಅದೇ. ತಂತ್ರಾಂಶದಲ್ಲಿ 'ಬಳಕೆದಾರರ ಮಾರ್ಗದರ್ಶಿ' ಆಗಲೇ ಬೇರೂರಿದೆ. 'ತೊಂದರೆಯಾದರೆ ಮಾರ್ಗದರ್ಶಿಯನ್ನು ನೋಡಿ' ಅಂತ ಬರೆದರೆ ಪುಸ್ತಕ ತೆರೆಯಬೇಕೋ, ಮನುಷ್ಯರನ್ನು ಕೇಳಬೇಕೋ? ಪುಸ್ತಕಕ್ಕೆ 'ಕೈಪಿಡಿ' ಬಿಟ್ಟುಕೊಡಬಹುದು, ಸರಿ. ಆದರೂ ನನಗೆ ಇನ್ನೊಂದು ಕೊರತೆ ಕಾಣುತ್ತದೆ. ದಾರಿ ತೋರಿಸುವವರು ದೂರ ನಿಂತು ಕೈ ಚಾಚಿ ತೋರಿಸಿದರೂ ಆಯಿತು. ಮೆಂಟರ್ ಹಾಗಲ್ಲ.

ನನಗೇ ಆದದ್ದನ್ನು ಹೇಳುತ್ತೇನೆ. ವರ್ಡ್‌ಪ್ರೆಸ್ ಅನುವಾದದಲ್ಲಿ ನಾವು ಬರೆದ ಸಾಲು ಮೊದಲು 'ವೇಟಿಂಗ್' ಪಟ್ಟಿಯಲ್ಲಿ ಕಾಯುತ್ತದೆ. ಸಂಪಾದಕರು ಒಪ್ಪಿದರೆ ಮಾತ್ರ ಬಳಕೆಗೆ ಬರುತ್ತದೆ. ಲೇಖನ ಯಾರದು ಎಂದು ತೋರಿಸುವ ಸಾಲೊಂದಿತ್ತು. ಅದರಲ್ಲಿ ಹೆಸರು ಬರುವ ಜಾಗಕ್ಕೆ ಒಂದು ಗುರುತು ಇರುತ್ತದೆ, ಆಮೇಲೆ ಯಂತ್ರ ಅಲ್ಲಿ ಬರೆದವರ ಹೆಸರು ತುಂಬುತ್ತದೆ. ಆ ಗುರುತಿಗೆ ಅಂಟಿಸಿ ನಾನು 'ಇಂದ' ಅಂತ ಬರೆದಿದ್ದೆ. ನೋಡಲು ಸರಿಯಾಗೇ ಇತ್ತು. ಕಳಿಸಿಬಿಟ್ಟೆ.

ಅದನ್ನು ನೋಡಿದ ಹಿರಿಯರೊಬ್ಬರು ತಿದ್ದಲಿಲ್ಲ. 'ಆ ಜಾಗದಲ್ಲಿ ಗೀತಾ ಅಂತ ಹಾಕಿ ಜೋರಾಗಿ ಓದಿ. ಆಮೇಲೆ ರಾಜು ಅಂತ ಹಾಕಿ ಓದಿ' ಎಂದಷ್ಟೇ ಬರೆದರು. ಓದಿದೆ. 'ಗೀತಾಇಂದ', 'ರಾಜುಇಂದ'! ನಮ್ಮಲ್ಲಿ ಗೀತಾಳಿಂದ, ರಾಜುವಿನಿಂದ, ಮೈಸೂರಿನಿಂದ ಅಂತ ಪ್ರತಿ ಹೆಸರಿಗೂ ಬಾಲ ಬದಲಾಗುತ್ತದೆ ಅಲ್ವಾ? ಯಂತ್ರಕ್ಕೆ ಅದು ಗೊತ್ತಿಲ್ಲ. ಕೊನೆಗೆ 'ಬರೆದವರು:' ಅಂತ ಹಾಕಿ ಹೆಸರನ್ನು ಅದರ ಪಾಡಿಗೆ ಬಿಟ್ಟೆ. ಅದೇ ಸಂಜೆ ಇಂಥವೇ ಹತ್ತಾರು ಸಾಲುಗಳನ್ನು ನಾನೇ ಹುಡುಕಿ ಸರಿಮಾಡಿದೆ. ಯಾರೂ ಹೇಳಬೇಕಾಗಲಿಲ್ಲ. ಅವರು ಉತ್ತರ ಕೊಟ್ಟಿದ್ದರೆ ಒಂದು ಸಾಲು ಸರಿಯಾಗುತ್ತಿತ್ತು, ಅಷ್ಟೇ.

ಇವರನ್ನು ಏನೆಂದು ಕರೆಯಲಿ? 'ಗುರು' ಅನ್ನಲು ಮನಸ್ಸು ಬರುವುದಿಲ್ಲ. ಗುರು ಮೇಲೆ, ಶಿಷ್ಯ ಕೆಳಗೆ. ಇಲ್ಲಿ ಅನುವಾದ ಕಲಿಸುವವರೇ ನಾಳೆ ಕೋಡ್ ತಂಡದಲ್ಲಿ ಹೊಸಬರಾಗಿ ಕೂರಬಹುದು. 'ಸಲಹೆಗಾರ' ಅಂದರೆ ಫೀಸು ನೆನಪಾಗುತ್ತದೆ. ಇಲ್ಲಿ ಹೊಸಬರಿಂದ ಯಾರೂ ಫೀಸು ಪಡೆಯುವುದಿಲ್ಲ. ಅಂದಹಾಗೆ ಮೆಂಟರ್ ಎಂಬುದು ಗ್ರೀಕ್ ಕತೆಯಲ್ಲಿ ಒಬ್ಬ ಮನುಷ್ಯನ ಹೆಸರು. ಯುದ್ಧಕ್ಕೆ ಹೊರಟ ರಾಜ ತನ್ನ ಮನೆಯನ್ನೂ ಮಗನನ್ನೂ ಒಪ್ಪಿಸಿ ಹೋದ ಗೆಳೆಯ. ಶಕುನಿ, ಕುಂಭಕರ್ಣ ನಮ್ಮಲ್ಲಿ ಗುಣದ ಹೆಸರಾದಂತೆ ಅಲ್ಲಿ ಅದು ಕೆಲಸದ ಹೆಸರಾಯಿತು.

ಮೆಂಟಿಯದು ಇನ್ನೂ ಕಷ್ಟ. 'ಮಾರ್ಗದರ್ಶಿತ' ಅನ್ನುವುದನ್ನು ನಾಲಿಗೆ ಒಪ್ಪುವುದಿಲ್ಲ. 'ವಿದ್ಯಾರ್ಥಿ'ಯೂ ಆಗುವುದಿಲ್ಲ. ಮುಕ್ತ ತಂತ್ರಾಂಶದ ಕೆಲಸಕ್ಕೆ ಹೊಸಬರನ್ನು ತರುವ ಗೂಗಲ್‌ನ ಯೋಜನೆ 'ಗೂಗಲ್ ಸಮ್ಮರ್ ಆಫ್ ಕೋಡ್' 2005ರಿಂದ ಕಾಲೇಜು ಹುಡುಗ ಹುಡುಗಿಯರಿಗಾಗಿಯೇ ನಡೆದು ಬಂದದ್ದು, 2022ರಲ್ಲಿ ಓದು ಮುಗಿಸಿದ ಹೊಸಬರಿಗೂ ಬಾಗಿಲು ತೆರೆಯಿತು. ಆಗ ಅವರೇ 'ಸ್ಟೂಡೆಂಟ್' ಪದ ಬಿಟ್ಟು 'ಕಾಂಟ್ರಿಬ್ಯೂಟರ್' ಎಂದರು. ಆ ಪದಕ್ಕೂ ನಮ್ಮಲ್ಲಿ ಜಗ್ಗಾಟವಿದೆ. ಕನ್ನಡ ವಿಕಿಪೀಡಿಯದಲ್ಲಿ 'ಕಾಂಟ್ರಿಬ್ಯೂಷನ್ಸ್'ಗೆ 'ಕಾಣಿಕೆಗಳು' ಅಂತಿದೆ. ನನಗೆ ಅದು ಹುಂಡಿಯನ್ನು ನೆನಪಿಸುತ್ತದೆ. ಅದನ್ನು ಇನ್ನೊಮ್ಮೆ ಕೇಳುತ್ತೇನೆ.

ಸದ್ಯಕ್ಕೆ ನಾನು ಬರೆದಿರುವುದು ಇದು: 'ಹೊಸಬರ ಕೈಹಿಡಿದು ನಡೆಸಲು ಪಳಗಿದವರು ಬೇಕಾಗಿದ್ದಾರೆ.' ವಾಕ್ಯದಲ್ಲಿ ಚೆನ್ನಾಗಿ ಕೂರುತ್ತದೆ. ಆದರೆ ಪುಟದ ತಲೆಯಲ್ಲಿ, ಹೆಸರುಗಳ ಪಟ್ಟಿಯ ಮೇಲೆ ಹಾಕಲು ಒಂದೇ ಪದ ಬೇಕು. 'ಪಳಗಿದವರು' ಅಂತ ಸುಮ್ನೆ ಹಾಕಿದರೆ ಏನರ್ಥ ಅಂತ ಓದುವವರು ಕೇಳುತ್ತಾರೆ.

'ಪಳಗಿದ' ಅಂದಾಗ ನನ್ನ ಕಣ್ಣಮುಂದೆ ಬರುವುದು ಉಳುಮೆ. ಹೊಸ ಹೋರಿಯನ್ನು ಒಂಟಿಯಾಗಿ ನೊಗಕ್ಕೆ ಕಟ್ಟುವುದಿಲ್ಲ. ಪಕ್ಕದಲ್ಲಿ ಪಳಗಿದ ಎತ್ತು ಇರುತ್ತದೆ. ಅದೂ ಅದೇ ನೊಗ ಹೊತ್ತು, ಅದೇ ಸಾಲಿನಲ್ಲಿ ನಡೆಯುತ್ತದೆ. ನನಗೆ ಬೇಕಾದ ಅರ್ಥ ಪೂರ್ತಿ ಅದರಲ್ಲಿದೆ. ಹೋರಿಯ ಪಕ್ಕ ಕಟ್ಟುವ ಆ ಹಳೆಯ ಎತ್ತಿಗೆ ನಿಮ್ಮ ಕಡೆ ಬೇರೆ ಹೆಸರಿದೆಯೇ? ಮಗ್ಗದ ಮನೆಯಲ್ಲಿ, ಬಡಗಿಗಳಲ್ಲಿ, ಹೊಸಬರ ಪಕ್ಕ ಕೂತು ಕಲಿಸುವವರನ್ನು ಏನೆನ್ನುತ್ತಾರೆ? ಊರು, ಜಿಲ್ಲೆ ಸೇರಿಸಿ ಬರೆಯಿರಿ.