ವಾರಂಟಿ ಮುಗಿದು ತಿಂಗಳಾಗಿಲ್ಲ, ಫಿಟ್‌ನೆಸ್ ವಾಚ್ ಕೈ ಕೊಡ್ತು. ಏನಾದ್ರೂ ದಾರಿ ಇದ್ಯಾ?

ಕೆರೆ_ಏರಿ_ಮೈಸೂರು:
ಎಲ್ರಿಗೂ ನಮಸ್ಕಾರ. ಅಪ್ಪ ರಿಟೈರ್ ಆದ್ಮೇಲೆ ಡಾಕ್ಟ್ರು ದಿನಾ ನಡೀರಿ ಅಂದಿದ್ರು ಅಂತ ಹೋದ್ವರ್ಷ ಆನ್‌ಲೈನಲ್ಲಿ ಒಂದು ಫಿಟ್‌ನೆಸ್ ವಾಚ್ ತರಿಸ್ಕೊಟ್ಟೆ, ಎಂಟು ಸಾವಿರದ ಚಿಲ್ರೆ. ಅವ್ರಿಗೆ ಅದ್ರ ಹುಚ್ಚು ಎಷ್ಟು ಹಿಡೀತು ಅಂದ್ರೆ ಕುಕ್ಕರಹಳ್ಳಿ ಕೆರೆ ಸುತ್ತಿ ಮನೆಗೆ ಬಂದು, ಹತ್ತು ಸಾವಿರಕ್ಕೆ ಇನ್ನೂ ಇನ್ನೂರು ಸ್ಟೆಪ್ಸ್ ಕಮ್ಮಿ ಇದೆ ಅಂತ ಹಾಲಲ್ಲೇ ಅತ್ಲಾಗಿಂದಿತ್ಲಾಗೆ ಓಡಾಡೋರು, ಅಮ್ಮ ಕಾಫಿ ಹಿಡ್ಕೊಂಡು ಕಾಯ್ತಾ ನಿಂತಿರೋರು. ಈಗ ವಾರಂಟಿ ಮುಗಿದು ತಿಂಗಳಾಗಿಲ್ಲ, ಸ್ಕ್ರೀನ್ ಒಂದ್ಕಡೆಯಿಂದ ಮೇಲೆದ್ದಿದೆ, ಉಗುರು ತೂರೋಷ್ಟು ಸಂದಿ. ಬೀಳ್ಸಿಲ್ಲ, ಗುದ್ದಿಲ್ಲ. ಆನ್ ಕೂಡ ಆಗ್ತಿಲ್ಲ.

ಸರ್ವಿಸ್ ಸೆಂಟರ್‌ಗೆ ಹೋದ್ರೆ ಆ ಹುಡುಗ ವಾಚ್ ಕೈಗೂ ತಗೊಳ್ಳಿಲ್ಲ, ಸೀರಿಯಲ್ ನಂಬರ್ ಹೊಡ್ದು "ಔಟ್ ಆಫ್ ವಾರಂಟಿ ಮೇಡಂ" ಅಂದ. ದುಡ್ಡು ಕೊಡ್ತೀನಿ ರಿಪೇರಿ ಮಾಡ್ಕೊಡಿ ಅಂದ್ರೆ ಈ ಮಾಡೆಲ್‌ಗೆ ರಿಪೇರಿನೇ ಇಲ್ವಂತೆ, ಹಳೇದು ಅವ್ರಿಗೇ ಕೊಟ್ಬಿಟ್ರೆ ಹೊಸದಕ್ಕೆ ಡಿಸ್ಕೌಂಟ್ ಕೂಪನ್ ಅಂತೆ. ಮತ್ತೆ ಅವ್ರದ್ದೇ ವಾಚ್ ತಗೊಳ್ಳಕ್ಕೆ ಕೂಪನ್! ಯಾರಾದ್ರೂ ಇದ್ರ ಹಿಂದೆ ಬಿದ್ದು ಗೆದ್ದಿದ್ದೀರಾ?

ಮಂಡ್ಯದ_ಹೈದ:
ಅಕ್ಕ ನಂದೂ ಇದೇ ಕತೆ ಕಣಕ್ಕ. ವಾರಂಟಿ ಮುಗುದ್ ವಾರಕ್ಕೆ ಡಿಸ್‌ಪ್ಲೇಲಿ ಹಸ್ರು ಗೆರೆ ಬಂದು ಕೂತ್ಕತು. ಸ್ಟೇಡಿಯಂನಲ್ಲಿ ಓಡಕ್ಕೋಗೋ ನಮ್ ಗ್ಯಾಂಗಲ್ಲಿ ಯಾರ್ ಕೈ ನೋಡುದ್ರೂ ಬೆಲ್ಟಿನ ಗುರ್ತು ಮಾತ್ರ ಅದೆ, ವಾಚು ಬೀರುಲಿ ಮಲಗದೆ. ಒಳಗೆ ಟೈಮರ್ ಮಡಗವ್ರೆ ನೋಡಿ ಬೇಕಾದ್ರೆ, ಕ್ಯಾಲೆಂಡರ್ ನೋಡ್ಕಂಡೇ ಸಾಯ್ತವೆ ಇವು.

ಜೇಬಲ್ಲಿ_ಫೋನ್:
ಹೆಜ್ಜೆ ಎಣಿಸಕ್ಕೆ ಎಂಟು ಸಾವಿರ ಯಾಕೆ, ಫೋನ್ ಜೇಬಲ್ಲಿದ್ರೆ ಅದೇ ಎಣಿಸುತ್ತಲ್ಲ.

ಕೆರೆ_ಏರಿ_ಮೈಸೂರು:
ಅಪ್ಪ ವಾಕಿಂಗಿಗೆ ಫೋನ್ ತಗೊಂಡೋಗಲ್ಲ ಸರ್, ತಗೊಂಡೋದ್ರೆ ನಮ್ ಚಿಕ್ಕಪ್ಪ ಫೋನ್ ಮಾಡಿ ಅರ್ಧ ಗಂಟೆ ನಿಲ್ಲಿಸ್ಕೋತಾರಂತೆ.

ಟ್ವೀಜರ್_ಅಣ್ಣ:
ನಾನು ಮೊಬೈಲ್ ರಿಪೇರಿ ಮಾಡೋನು, ವಾಚ್‌ಗಳೂ ಬರ್ತವೆ. ಮೊದ್ಲು ಇದು ಕೇಳಿ: ಅದನ್ನ ಇನ್ಮೇಲೆ ಚಾರ್ಜಿಗೆ ಹಾಕ್ಬೇಡಿ, ಎದ್ದಿರೋ ಸ್ಕ್ರೀನ್ ಒತ್ತಿ ಕೂರ್ಸಕ್ಕೂ ಹೋಗ್ಬೇಡಿ. ನೀವು ಹೇಳೋದು ನೋಡಿದ್ರೆ ಬ್ಯಾಟರಿ ಊದಿದೆ. ಲಿಥಿಯಂ ಬ್ಯಾಟರಿ ಕೆಟ್ರೆ ಒಳಗೆ ಗ್ಯಾಸ್ ತುಂಬ್ಕೊಳ್ಳುತ್ತೆ, ಸ್ಕ್ರೀನ್ ನಿಂತಿರೋದೇ ಅಂಟಿನ ಮೇಲೆ, ಹಂಗಾಗಿ ಮೊದ್ಲು ಬಿಟ್ಕೊಳ್ಳೋದು ಅದೇ. ಚುಚ್ಚೋಯ್ತು ಅಂದ್ರೆ ಬೆಂಕಿ ಹತ್ಬೋದು. ಹಾಸಿಗೆ ಬಟ್ಟೆ ಇಲ್ದಿರೋ ಕಡೆ ಇಡಿ, ಕಸದ ಗಾಡಿಗೆ ಹಾಕ್ಬೇಡಿ, ಕೊಡೋದಾದ್ರೆ ಇ-ವೇಸ್ಟ್‌ನೋರಿಗೇ ಕೊಡಿ.

ಮಂಡ್ಯದೋರೆ, ಟೈಮರ್ ಗೀಮರ್ ಏನೂ ಇಲ್ಲ, ಅದು ಅವ್ರಿಗೆ ಬೇಕಾಗೂ ಇಲ್ಲ. ಫೋನಲ್ಲಿ 5000 ಎಂಎಎಚ್ ಬ್ಯಾಟರಿ ಇದ್ರೆ ವಾಚಲ್ಲಿ ಇರೋದು ಸುಮಾರು 200–300. ಈ ಜಾತಿ ಬ್ಯಾಟರಿಗಳು 300ರಿಂದ 500 ಸಲ ಪೂರ್ತಿ ಚಾರ್ಜ್ ಆಗೋಷ್ಟರಲ್ಲಿ 80 ಪರ್ಸೆಂಟ್‌ಗೆ ಇಳೀತವೆ. ಡಿಸ್‌ಪ್ಲೇ ಯಾವಾಗ್ಲೂ ಆನ್, ಜಿಪಿಎಸ್ ಆನ್, ರಾತ್ರಿಯೆಲ್ಲಾ ರಕ್ತದ ಆಕ್ಸಿಜನ್ ನೋಡೋದು ಆನ್ ಅಂತ ಇಟ್ರೆ ದಿನಾ ಚಾರ್ಜ್ ಮಾಡ್ಬೇಕು, ವರ್ಷಕ್ಕೆ ಲೆಕ್ಕ ನೀವೇ ಹಾಕ್ಕೊಳ್ಳಿ. ಯಾವ ಪಾರ್ಟು ಎಷ್ಟು ದಿನ ಬಾಳುತ್ತೆ ಅಂತ ಗೊತ್ತಿರೋರೇ ಕೂತ್ಕೊಂಡು ವಾರಂಟಿ ಬರ್ಯೋದು, ಅಷ್ಟೇ ವಿಷ್ಯ.

ಇನ್ನೊಂದು ನೀರು. 5 ಎಟಿಎಂ ಅಂತ ಬರ್ದಿರ್ತಾರಲ್ಲ, ಅದು ಹೊಸ ವಾಚ್‌ಗೆ ಲ್ಯಾಬಲ್ಲಿ 50 ಮೀಟರ್ ಆಳದಷ್ಟು ಪ್ರೆಶರ್ ಕೊಟ್ಟು ನೋಡಿರೋದು. ಬಿಸಿನೀರು ಸ್ನಾನ, ಸೋಪು, ಬೆವರು ಇದ್ಯಾವುದೂ ಆ ಲೆಕ್ಕದಲ್ಲಿಲ್ಲ. ಒಳಗಿರೋ ಸೀಲ್ ಕುಕ್ಕರ್ ಗ್ಯಾಸ್ಕೆಟ್ ಥರ, ಬಿಸಿಗೆ ಗಟ್ಟಿಯಾಗಿ ಹಿಡಿತ ಬಿಡುತ್ತೆ. ಕುಕ್ಕರ್‌ದಾದ್ರೆ ಅಂಗಡಿಲಿ ಸಿಗುತ್ತೆ, ಇದು ಸಿಗಲ್ಲ. ನನ್ನತ್ರ ತಂದ್ರೆ ಮಾಡೆಲ್ ನೋಡಿ ಬೇರೆ ಬ್ಯಾಟರಿ ಹಾಕ್ಬೋದು, ಆದ್ರೆ ಆಮೇಲೆ ನೀರು ತಡೆಯುತ್ತೆ ಅಂತ ಮಾತು ಕೊಡಲ್ಲ.

ಕರಿಕೋಟು:
ಮೇಡಂ, ರಿಪೇರಿಗೆ ಕೊಡೋ ಮುಂಚೆ ಸ್ವಲ್ಪ ತಡೀರಿ, ಬಿಚ್ಚಿದ ಮೇಲೆ ಕಂಪ್ನಿಯೋರು ಹೊರಗಡೆ ಬಿಚ್ಚಿಸಿದ್ದಾರೆ ಅಂತ ಕೈ ತೊಳ್ಕೋತಾರೆ. ಕೂಪನ್‌ಗೂ ಕೊಡ್ಬೇಡಿ, ಕೊಟ್ರೆ ನಿಮ್ ಕೈಲಿರೋ ಸಾಕ್ಷಿ ಹೋಯ್ತು.

ವಾರಂಟಿ ಕಂಪ್ನಿ ಕೊಟ್ಟ ಮಾತು, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅದಕ್ಕಿಂತ ಬೇರೆ. ಮಾಲಲ್ಲೇ ದೋಷ ಇತ್ತು ಅಂತ ತೋರಿಸಕ್ಕಾದ್ರೆ ವಾರಂಟಿ ಮುಗಿದಿದ್ರೂ ಕೇಳ್ಬೋದು. ಸೆಲ್ಲರ್ ಯಾವ ಊರಲ್ಲಿದ್ರೂ ನೀವು ವಾಸ ಇರೋ ಜಿಲ್ಲೆಲೇ, ಅಂದ್ರೆ ಮೈಸೂರು ಜಿಲ್ಲಾ ಗ್ರಾಹಕ ಆಯೋಗದಲ್ಲೇ ದೂರು ಹಾಕ್ಬೋದು, 5 ಲಕ್ಷದವರೆಗಿನ ಮಾಲಿಗೆ ಫೀಸ್ ಇಲ್ಲ, ಲಾಯರ್ ಇಡ್ಲೇಬೇಕು ಅಂತಿಲ್ಲ (ಲಾಯರ್ ಆಗಿ ನಾನೇ ಹೇಳ್ತಿದ್ದೀನಿ ನೋಡಿ). ಸಮಸ್ಯೆ ಶುರುವಾದಾಗಿಂದ 2 ವರ್ಷದೊಳಗೆ ಹಾಕ್ಬೇಕು.

ಕಷ್ಟ ಎಲ್ಲಿ ಅಂದ್ರೆ ದೋಷ ತೋರಿಸೋದ್ರಲ್ಲಿ. ಲ್ಯಾಬ್ ಪರೀಕ್ಷೆ ಬೇಕು ಅಂತ ಆಯೋಗ ಹೇಳಿದ್ರೆ ಅದ್ರ ಫೀಸ್ ದೂರು ಕೊಟ್ಟೋರೇ ಮೊದ್ಲು ಕಟ್ಬೇಕಾಗ್ಬೋದು. ಎಂಟು ಸಾವಿರದ ವಾಚ್‌ಗೆ ಯಾರು ಅಷ್ಟು ಅಲೀತಾರೆ ಅಂತ ಜನ ಅಲ್ಲೇ ಬಿಟ್ಬಿಡ್ತಾರೆ, ಕಂಪ್ನಿಗಳಿಗೆ ಅದು ಚೆನ್ನಾಗಿ ಗೊತ್ತು. ಅದಕ್ಕೇ ಕೇಳ್ತೀನಿ, ವಾರಂಟಿ ಇದ್ದಾಗ ಏನಾದ್ರೂ ಕಂಪ್ಲೇಂಟ್ ಮಾಡಿದ್ರಾ? ಮಾಡಿದ್ರೆ ಬರವಣಿಗೆಲಿ ಇದ್ಯಾ?

ಕೆರೆ_ಏರಿ_ಮೈಸೂರು:
ಅಪ್ಪನ್ನ ಕೇಳ್ದೆ ಸರ್. ವಾರಂಟಿ ಮುಗಿಯಕ್ಕೆ ಎರಡು ತಿಂಗಳು ಮುಂಚೆನೇ "ಬೆಳಗ್ಗೆ ಚಾರ್ಜ್ ಮಾಡಿದ್ರೆ ಸಂಜೆಗೆ ಖಾಲಿ" ಅಂತ ಚಾಟಲ್ಲಿ ಕಂಪ್ಲೇಂಟ್ ಹಾಕಿದ್ದಾರೆ, ನಂಗೇ ಗೊತ್ತಿರ್ಲಿಲ್ಲ. ಅವ್ರು ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿ ರೀಸ್ಟಾರ್ಟ್ ಮಾಡಿ ಅಂದು ಟಿಕೆಟ್ ಕ್ಲೋಸ್ ಮಾಡಿದ್ದಾರೆ. ಅಪ್ಪ ಅದನ್ನ ಪ್ರಿಂಟ್ ತೆಗ್ಸಿ ಕರೆಂಟ್ ಬಿಲ್ ಫೈಲಲ್ಲಿ ಇಟ್ಟಿದ್ದಾರೆ, ಬಿಲ್ ಜೊತೆ ಪಿನ್ ಮಾಡಿ.

ಕರಿಕೋಟು:
ನಿಮ್ ತಂದೆಯೋರಿಗೆ ಒಂದು ನಮಸ್ಕಾರ ಹೇಳಿ. ಇದೇ ನೋಡಿ ಬೇಕಾಗಿದ್ದು. ಬ್ಯಾಟರಿ ತೊಂದ್ರೆ ವಾರಂಟಿ ಒಳಗೇ ಶುರುವಾಗಿ ನೀವು ತಿಳಿಸಿದ್ರಿ, ಅವ್ರು ಸರಿ ಮಾಡದೆ ಮುಚ್ಚಿದ್ರು ಅನ್ನೋದೇ ನಿಮ್ ಕೇಸು. ಆದ್ರೆ ವಾರಂಟಿ ಕಾರ್ಡ್ ಒಂದ್ಸಲ ಪೂರ್ತಿ ಓದಿ, ಕೆಲವು ಕಂಪ್ನಿ ಬ್ಯಾಟರಿಗೆ ಬೇರೆ, ಕಮ್ಮಿ ಅವಧಿ ಹಾಕಿರ್ತಾರೆ. ವಾಚ್‌ನ ಎಲ್ಲಾ ಕಡೆಯಿಂದ ಫೋಟೋ ತೆಗೀರಿ. ಸರ್ವಿಸ್ ಸೆಂಟರ್‌ಗೆ ಇನ್ನೊಂದ್ಸಲ ಹೋಗಿ ಜಾಬ್ ಶೀಟ್ (ವಾಚ್ ತಂದಿದ್ದು, ಏನು ತೊಂದ್ರೆ ಅಂತ ಅವ್ರು ಬರ್ದುಕೊಡೋ ಚೀಟಿ) ಕೇಳಿ, ರಿಪೇರಿ ಆಗಲ್ಲ ಅಂದ್ರೆ ಅದನ್ನೇ ಬರ್ಕೊಡಿ ಅನ್ನಿ. ಆಮೇಲೆ ಹಳೇ ಟಿಕೆಟ್ ನಂಬರ್, ತಾರೀಕು ಹಾಕಿ ಕಂಪ್ನಿಗೆ ಮೇಲ್ ಮಾಡಿ, ಹದಿನೈದು ದಿನ ಟೈಮ್ ಕೊಡಿ. ಜೊತೆಗೇ 1915ಕ್ಕೆ, ಅಂದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ, ಫೋನ್ ಮಾಡಿ ದೂರು ದಾಖಲಿಸಿ, ಕನ್ನಡದಲ್ಲೇ ಮಾತಾಡ್ಬೋದು. ಅವ್ರು ಆರ್ಡರ್ ಹಾಕೋ ಹಾಗಿಲ್ಲ, ಕಂಪ್ನಿಗೆ ಕಳಿಸಿ ಉತ್ರ ಕೇಳ್ತಾರೆ ಅಷ್ಟೇ, ಆದ್ರೂ ಅಂಗಡಿ ಕೌಂಟರ್‌ಗಿಂತ ಮೇಲಿರೋರ ಕಣ್ಣಿಗೆ ಬೀಳುತ್ತೆ.

ಮಂಡ್ಯದ_ಹೈದ:
ಸಾರ್, ಜರ್ಮನಿಲಿರೋ ನಮ್ ಬಾವಂಗೆ ಇದೇ ವಾಚ್‌ಗೆ ಎರಡ್ ವರ್ಸ ಅಂತೆ, ನಮಗ್ಯಾಕೆ ಒಂದೇ?

ಕರಿಕೋಟು:
ಅಲ್ಲಿ ಯುರೋಪಿಯನ್ ಯೂನಿಯನ್ ಕಾನೂನೇ ಮಾರೋನ ಮೇಲೆ ಕಮ್ಮಿ ಅಂದ್ರೂ 2 ವರ್ಷದ ಜವಾಬ್ದಾರಿ ಹಾಕಿದೆ. ಕಂಪ್ನಿಯೋರೇನು ಪ್ರೀತಿಯಿಂದ ಕೊಟ್ಟಿರೋದಲ್ಲ. ನಮ್ಮಲ್ಲಿ ಇಷ್ಟೇ ವರ್ಷ ಕೊಡ್ಲೇಬೇಕು ಅನ್ನೋ ಅಂಥ ಕಟ್ಟುಪಾಡು ಇಲ್ಲ.

ಕೆರೆ_ಏರಿ_ಮೈಸೂರು:
ಥ್ಯಾಂಕ್ಸ್ ಸರ್, ಮೇಲ್ ಹಾಕ್ದೆ. ಟ್ವೀಜರ್ ಅಣ್ಣ, ಇದು ಇತ್ಯರ್ಥ ಆಗೋವರೆಗೆ ಅಪ್ಪ ಸುಮ್ನಿರಲ್ಲ, ಈಗ್ಲೇ ಇನ್ನೊಂದು ಕೇಳ್ತಿದ್ದಾರೆ. ಏನು ನೋಡಿ ತಗೊಳ್ಳಲಿ?

ಟ್ವೀಜರ್_ಅಣ್ಣ:
ಹೆಜ್ಜೆ, ಹಾರ್ಟ್ ರೇಟ್ ಇಷ್ಟೇ ಸಾಕು ಅಂದ್ರೆ ಕಾಲ್ ಗೀಲ್ ಇಲ್ದಿರೋ ಸಾದಾ ಬ್ಯಾಂಡ್ ತಗೊಳ್ಳಿ. ಹತ್ತು ದಿನಕ್ಕೊಂದ್ಸಲ ಚಾರ್ಜ್ ಕೇಳೋದಾದ್ರೆ ವರ್ಷಕ್ಕೆ ಮೂವತ್ತಾರು ಮೂವತ್ತೇಳು ಸಲ, ಬ್ಯಾಟರಿ ನಿಧಾನಕ್ಕೆ ಸವೆಯುತ್ತೆ. ಸ್ನಾನಕ್ಕೆ ಬಿಚ್ಚಿಡಕ್ಕೆ ಹೇಳಿ. ವಾಕಿಂಗ್ ಮುಗಿಸ್ಕೊಂಡು ಬಂದ ತಕ್ಷಣ ಬೆವರಿರೋ ವಾಚ್‌ನ ಹಂಗೇ ಚಾರ್ಜರ್ ಮೇಲೆ ಇಡ್ಬೇಡಿ, ಹಿಂದೆ ಪಿನ್ನುಗಳು ಕಪ್ಪಾಗಿ ತಿಂದೋಗ್ತವೆ, ನನ್ನತ್ರ ಬರೋದ್ರಲ್ಲಿ ಅದೂ ಜಾಸ್ತಿನೇ. ಒಣಬಟ್ಟೇಲಿ ಒರ್ಸಿ ಆಮೇಲೆ ಹಾಕಿ. ಆ ಊದಿರೋದನ್ನ ಮಾತ್ರ ಕರೆಂಟ್ ಬಿಲ್ ಫೈಲ್ ಜೊತೆ ಇಡಕ್ಕೆ ಬಿಡ್ಬೇಡಿ.